ನಿಂಬೆ ಶೆಡ್ಡಿನಲ್ಲಿ ಅಮೇರಿಕಾದ ಪುರಾಣ

ಪುಸ್ತಕ ಬಿಚ್ಚಿದ ಕೂಡಲೇ ಹಾಳೆಗಳ ನಡುವಿನಿಂದ ನಿಂಬೆ ಎಲೆಯೊಂದು ಜಾರಿ ತೊಡೆಯ ಮೇಲೆ ಬಿತ್ತು. ಎಂದೋ ಒಣಗಿ ಕಂದು ಬಣ್ಣಕ್ಕೆ ತಿರುಗಿದ ಎಲೆ. ಬೆರಳಲ್ಲಿ ತಿಕ್ಕಿದರೆ ಪುಡಿಯಾಯಿತು, ಆದರೆ ವಾಸನೆ ಇನ್ನೂ ಒಂದಿಷ್ಟು ಉಳಿದಿತ್ತು. ರಟ್ಟಿನ ಮೇಲೆ ಕುಂಕುಮದ ಕಲೆ. ಅಮೇರಿಕಾದ ಬಟ್ಟೆ ಗಿರಣಿಗಳಲ್ಲಿ ದುಡಿದ ಹೆಂಗಸರ ಚರಿತ್ರೆ ಅದು, ಇಂಗ್ಲಿಷಿನಲ್ಲಿ. ನಿಮ್ಮ ಪುಸ್ತಕಕ್ಕೆ ನಮ್ಮ ಇಂಡಿ ಊರಿನಲ್ಲಿ ಕಾಯಿ ಒಡೆದು ಆರತಿ ಬೆಳಗಿದ್ದಾರೆ ಎಂದು ಹೇಳಿದರೆ ಅದನ್ನು ಬರೆದವರು ನಂಬುತ್ತಿದ್ದರೋ ಇಲ್ಲವೋ. ನಾನಂತೂ ಕಣ್ಣಾರೆ ಕಂಡಿದ್ದೇನೆ, ಪ್ರಸಾದವನ್ನೂ ತಿಂದಿದ್ದೇನೆ.

ಕಳೆದ ತಿಂಗಳು ಪರೀಕ್ಷೆ ಕೆಲಸದ ಮೇಲೆ ಬಸವನ ಬಾಗೇವಾಡಿಗೆ ಹೋಗಿದ್ದೆ. ನಾನು ಈಗ ಸಿಂದಗಿಯ ಕಾಲೇಜೊಂದರಲ್ಲಿ ಇತಿಹಾಸ ಕಲಿಸುತ್ತೇನೆ. ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ನಿಂತಾಗ ಅಕ್ಕೋರ ತಮ್ಮನ ಮಗ ಇಂಗಳೇಶ್ವರದಿಂದ ಬೈಕಿನ ಮೇಲೆ ಬಂದು, ರೆಗ್ಜಿನ್ ಚೀಲವೊಂದನ್ನು ಕೈಗಿಟ್ಟ. "ಅತ್ತಿ ಇದನ್ನ ನಿಮಗ ಮುಟ್ಟಸು ಅಂತ ಹೇಳಿ ಇಟ್ಟಿದ್ಲರಿ. ನಮ್ಮ ಮನ್ಯಾಗ ಇಂಗ್ಲಿಷ್ ಪುಸ್ತಕ ಓದಾವ್ರು ಯಾರದಾರ್ರಿ?" ಎಂದ. ಅಕ್ಕೋರು ಚಳಿಗಾಲದ ಮೊದಲೇ ತೀರಿಕೊಂಡಿದ್ದರು. ಸುದ್ದಿ ನನಗೆ ತಡವಾಗಿ ಮುಟ್ಟಿತ್ತು. ಮಣ್ಣಿಗೆ ಹೋಗಲಾಗಲಿಲ್ಲ ಎಂಬುದು ಇನ್ನೂ ಎದೆಯಲ್ಲಿ ಕುಟುಕುತ್ತದೆ.

ನಮ್ಮ ಕಡೆ ಸಾಲಿಯಲ್ಲಿ ಕಲಿಸುವ ಹೆಣ್ಣುಮಕ್ಕಳಿಗೆಲ್ಲ ಅಕ್ಕೋರು ಎನ್ನುವುದು ರೂಢಿ. ನಾನು ಹೇಳುತ್ತಿರುವ ಅಕ್ಕೋರು ನನಗೆ ಕಲಿಸಿದವರಲ್ಲ. ಇಂಡಿಯಲ್ಲಿ ನಮ್ಮ ಮನೆಯ ಗೋಡೆಗೆ ಗೋಡೆ ಹತ್ತಿದ ಮನೆಯಲ್ಲಿದ್ದವರು. ಮುದ್ದೇಬಿಹಾಳದ ಆ ಕಡೆ ತಂಗಡಗಿಯಲ್ಲಿ ನೌಕರಿ ಶುರು ಮಾಡಿ, ಊರೂರು ವರ್ಗವಾಗಿ, ಕೊನೆಗೆ ಇಂಡಿಯಲ್ಲಿ ನಿವೃತ್ತಿಯಾಗಿ ಅಲ್ಲೇ ಉಳಿದಿದ್ದರು. ಮದುವೆ ಆಗಿರಲಿಲ್ಲ. ಯಾಕ್ರಿ ಎಂದು ಯಾರಾದರೂ ಕೇಳಿದರೆ, "ನೆನಪ ಹಾರಿತ್ತು ನೋಡು" ಎಂದುಬಿಡುತ್ತಿದ್ದರು.

ನಾನಾಗ ಬಿ.ಎ. ಮುಗಿಸಿ ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುತ್ತಿದ್ದೆ. ಓದು ಎಂದರೆ ಸಾಮಾನ್ಯ ಜ್ಞಾನದ ಗೈಡು ಹಿಡಿದು ಹಿತ್ತಲಲ್ಲಿ ಅಡ್ಡಾಡುತ್ತ ಬಾಯಿಪಾಠ ಹೊಡೆಯುವುದು. ಒಂದು ದಿನ ಅಮೇರಿಕಾದ ಅಧ್ಯಕ್ಷರ ಹೆಸರುಗಳನ್ನು ಸಾಲಾಗಿ ಒದರುತ್ತಿದ್ದಾಗ ಗೋಡೆಯ ಆಚೆಯಿಂದ ಅಕ್ಕೋರ ತಲೆ ಮೇಲೆ ಬಂತು.

"ಎಲ್ಲಾರ ಹೆಸರೂ ಬರ್ತಾವೇನು?"

"ಬರ್ತಾವ್ರಿ," ಎಂದೆ, ಸ್ವಲ್ಪ ಜಂಬದಿಂದಲೇ.

"ಚಲೋ ಆತು. ಅವರ ಅಂಗಿ ಅರಿವಿ ಯಾರು ನೇಯ್ತಿದ್ರು? ಅದೂ ಬರ್ತೈತೇನು?"

ಮೈಯೆಲ್ಲ ಉರಿದುಹೋಯಿತು. ಪರೀಕ್ಷೆಯಲ್ಲಿ ಅದನ್ನು ಯಾರೂ ಕೇಳುವುದಿಲ್ಲ ಎಂದು ಮುಖ ತಿರುಗಿಸಿದೆ. ಅವರು ನಕ್ಕು ಒಳಗೆ ಹೋದರು. ಸಂಜೆಗೆ ಮಾತ್ರ ನಾನೇ ಅವರ ಮನೆಗೆ ಹೋದೆ. ಸಿಟ್ಟು ಬಂದರೂ ಪ್ರಶ್ನೆ ತಲೆಯಿಂದ ಇಳಿದಿರಲಿಲ್ಲ.

ಅವರ ಮನೆಯ ಗೋಡೆಗೂಡಿನಲ್ಲಿ ದೇವರ ಫೋಟೋಗಳಿಗಿಂತ ಪುಸ್ತಕಗಳೇ ಹೆಚ್ಚು. ಎಲ್ಲವೂ ಅಮೇರಿಕಾದವು, ಎಲ್ಲವೂ ನಡೆದದ್ದನ್ನು ನಡೆದಂತೆ ಬರೆದವು. ರೈಲಿನ ಹಳಿ ಹಾಸಿದ ಕೂಲಿಗಳು, ಕಲ್ಲಿದ್ದಲ ಗಣಿಗೆ ಇಳಿದವರು, ಹತ್ತಿಯ ಹೊಲಗಳಲ್ಲಿ ಗುಲಾಮರಾಗಿ ದುಡಿದವರು ಮತ್ತು ಅವರ ಮೊಮ್ಮಕ್ಕಳು, ಧೂಳೆದ್ದು ಹೊಲವೇ ಹಾರಿಹೋದಾಗ ಗಾಡಿ ಕಟ್ಟಿಕೊಂಡು ಹೊರಟ ಒಕ್ಕಲುಗಳು... "ಅಮೇರಿಕಾದಾಗೂ ನಮ್ಮ ಇಂಗಳೇಶ್ವರದಂಥಾ ಒಣ ಮಡ್ಡಿ ಐತಿ ನೋಡವಾ!" ಎಂದು ಆ ಧೂಳಿನ ಪುಸ್ತಕ ತೋರಿಸುವಾಗ ಅವರ ಮುಖದಲ್ಲಿ ನೆಂಟರು ಸಿಕ್ಕ ಖುಷಿ ಇರುತ್ತಿತ್ತು. ಸೊಲ್ಲಾಪುರಕ್ಕೆ ಹೋದಾಗಲೆಲ್ಲ ಫುಟ್‌ಪಾತಿನ ಹಳೇ ಪುಸ್ತಕದ ರಾಶಿಯಲ್ಲಿ ಕುಕ್ಕರಗಾಲಲ್ಲಿ ಕುಳಿತು ಹುಡುಕಿ ತರುತ್ತಿದ್ದರು. ಇಂಗ್ಲಿಷ್ ಅವರಿಗೆ ಸಲೀಸಾಗಿ ಬರುತ್ತಿರಲಿಲ್ಲ. ಬೆನ್ನು ಹರಿದ ಡಿಕ್ಷನರಿಯೊಂದನ್ನು ಮಗ್ಗುಲಲ್ಲಿ ಇಟ್ಟುಕೊಂಡು, ಒಂದೊಂದೇ ವಾಕ್ಯವನ್ನು ಅಕ್ಕಿಯಲ್ಲಿ ಕಲ್ಲು ಆರಿಸುವಂತೆ ಓದುತ್ತಿದ್ದರು.

ಬೇರೆ ದೇಶ ಬಿಟ್ಟು ಅಮೇರಿಕಾ ಯಾಕ್ರಿ ಎಂದು ಕೇಳಿದ್ದೆ. ಅವರು ಚಹಾ ಸೋಸಿ, ಕಪ್ಪು ನನ್ನ ಮುಂದಿಟ್ಟು, ಆಮೇಲೆ ಹೇಳಿದರು. ಅವರ ಅಪ್ಪ ಸೊಲ್ಲಾಪುರದ ಗಿರಣಿಯಲ್ಲಿ ಮಗ್ಗ ನೋಡಿಕೊಳ್ಳುತ್ತಿದ್ದರಂತೆ. ಹಬ್ಬಕ್ಕೆ ಊರಿಗೆ ಬಂದರೆ ಮಲಗುವುದು, ಕೆಮ್ಮುವುದು, ಮತ್ತೆ ಹೋಗುವುದು. ಗಿರಣಿಯ ಬಗ್ಗೆ ಒಂದು ಮಾತೂ ಆಡುತ್ತಿರಲಿಲ್ಲವಂತೆ. ಒಮ್ಮೆ ಸಂಪು, ಅಂದರೆ ಮುಷ್ಕರ, ನಡೆದು, ಅದು ಸೋತು, ಊರಿಗೆ ಬಂದ ಅಪ್ಪ ಮೂಲೆ ಹಿಡಿದು ಕುಳಿತರಂತೆ. ಹೊಳ್ಳಿ ಗಿರಣಿಗೆ ಹೋಗಲೇ ಇಲ್ಲ.

"ನಮ್ಮಪ್ಪ ಏನೂ ಹೇಳ್ದ ಹೋದ. ಅವನ ಗಿರಣಿ ಬಗ್ಗೆ ಬರದ ಪುಸ್ತಕ ನನಗಂತೂ ಎಲ್ಲೂ ಸಿಗಲಿಲ್ಲ. ಇವರು ತಮ್ಮ ಗಿರಣಿ ಬಗ್ಗೆ ಬರದಾರ. ಅದಕ್ಕ ಇವರದ ಓದಾಕತ್ತೇನಿ," ಎಂದರು.

ನನ್ನ ಮುಂದಿಟ್ಟ ಚಹಾ ಆರಿಹೋದದ್ದು ಇನ್ನೂ ನೆನಪಿದೆ.

ನಮ್ಮ ಎರಡೂ ಮನೆಗಳ ಹಿಂದೆ ನಿಂಬೆಹಣ್ಣು ಕೊಂಡು ಊರೂರಿಗೆ ಕಳಿಸುವ ಅಡತಿಯ ಶೆಡ್ಡು ಇತ್ತು. ಸುತ್ತಲ ತೋಟಗಳಿಂದ ಬಂದ ಹಣ್ಣನ್ನು ಅಲ್ಲಿ ರಾಶಿ ಸುರಿಯುತ್ತಿದ್ದರು. ಹೆಂಗಸರು ಸುತ್ತ ಕುಳಿತು ದೊಡ್ಡದು, ಸಣ್ಣದು, ಕಲೆ ಬಿದ್ದದ್ದು ಎಂದು ಆರಿಸಿ ಚೀಲಕ್ಕೆ ತುಂಬುತ್ತಿದ್ದರು. ಸಂಜೆಗೆ ಲಾರಿ ಹೊರಡುತ್ತಿತ್ತು. ಹುಳಿ ತಾಗಿ ಅವರ ಬೆರಳ ಸಂದುಗಳು ಬಿರಿದಿರುತ್ತಿದ್ದವು. ಅದನ್ನೂ ಸಹಿಸಿಕೊಳ್ಳುತ್ತಿದ್ದರು. ಸಹಿಸಲಾಗದ್ದು ಬೇರೆ ಇತ್ತು. ಇಡೀ ಶೆಡ್ಡಿಗೆ ಒಂದು ಪಾಯಖಾನೆ ಇರಲಿಲ್ಲ. ಬೆಳಿಗ್ಗೆ ಬಂದವರು ಸಂಜೆಯ ತನಕ ನೀರು ಕುಡಿಯುವುದನ್ನೇ ಬಿಟ್ಟುಬಿಡುತ್ತಿದ್ದರು. ತೀರಾ ಆಗದಿದ್ದಾಗ, ಕೆಲಸ ನೋಡಿಕೊಳ್ಳುವ ಮುಕಾದಮನ ಅಪ್ಪಣೆ ಪಡೆದು, ಅವನ ಗೊಣಗಾಟ ಕೇಳಿಸಿಕೊಂಡು, ಅಕ್ಕೋರ ಹಿತ್ತಲ ಬಾಗಿಲು ಬಡಿಯುತ್ತಿದ್ದರು. ಅಕ್ಕೋರು ಆ ಬಾಗಿಲಿಗೆ ಹಗಲು ಚಿಲಕ ಹಾಕಿದ್ದನ್ನು ನಾನು ಕಂಡಿಲ್ಲ. ಬಂದವರು ಹೋಗುವಾಗ ಎರಡು ಮಾತು ಆಡುತ್ತಿದ್ದರು, ಓದುತ್ತಿದ್ದ ಪುಸ್ತಕದ ಚಿತ್ರ ನೋಡುತ್ತಿದ್ದರು, ಎಲೆಯೋ ಹಣ್ಣೋ ಕೊಟ್ಟು ಹೋಗುತ್ತಿದ್ದರು. ಆ ಎಲೆಗಳನ್ನು ಅಕ್ಕೋರು ಹುಳ ಹತ್ತಬಾರದೆಂದು ಪುಸ್ತಕಗಳಲ್ಲಿ ಇಡುತ್ತಿದ್ದರು.

ಶ್ರಾವಣ ಬಂತು. ಮಠದಲ್ಲಿ ಪುರಾಣ ಹಚ್ಚಿದರು. ಆದರೆ ಪುರಾಣದ ಹೊತ್ತೂ ಲಾರಿ ತುಂಬುವ ಹೊತ್ತೂ ಒಂದೇ. ಶೆಡ್ಡಿನ ಹೆಂಗಸರಲ್ಲಿ ಎಲ್ಲರಿಗೂ ಹಿರಿಯಳಾದ ಮುದುಕಿಯೊಬ್ಬಳಿದ್ದಳು. ಎಲ್ಲರೂ ಅವಳಿಗೆ ದೊಡ್ಡವ್ವ ಎನ್ನುತ್ತಿದ್ದರು. ಅವಳು ಒಂದು ಮಧ್ಯಾಹ್ನ ಅಕ್ಕೋರ ಹಿತ್ತಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಅಕ್ಕೋರ, ನಮ್ಮ ಕಿವಿ ಈ ವರ್ಷ ಹಂಗ ಒಣಗಾಕತ್ತಾವ್ರಿ. ನೀವರ ಬಂದು ಒಂದು ಪುರಾಣ ಹೇಳಬಾರದೇನ್ರಿ?"

"ನನಗ ಪುರಾಣ ಬರಂಗಿಲ್ಲ ದೊಡ್ಡವ್ವಾ. ನಾ ಓದೋದು ಬರೇ ಅಮೇರಿಕಾದ್ದು."

"ಅಲ್ಲೂ ಮಂದಿನ ಇರ್ತಾರಲ್ರಿ? ಅದನ್ನ ಹಚ್ಚರಿ."

ಹಾಗೆ ನಿಂಬೆ ಶೆಡ್ಡಿನಲ್ಲಿ ಅಮೇರಿಕಾದ ಪುರಾಣ ಶುರುವಾಯಿತು. ಅಡತಿ ಸಾವಕಾರ ಬೇಡ ಎನ್ನಲಿಲ್ಲ. ಶ್ರಾವಣದಲ್ಲಿ ಪುಣ್ಯದ ಕೆಲಸ, ಕೈ ಹೇಗೂ ನಿಲ್ಲುವುದಿಲ್ಲ ಎಂದು ಊದಿನಕಡ್ಡಿಯ ಪೊಟ್ಟಣವೊಂದನ್ನು ತಾನೇ ಕೊಟ್ಟ. ಪಾಪ, ಏನು ಹಚ್ಚುತ್ತಿದ್ದಾರೆ ಎಂದು ಅವನಿಗೇನು ಗೊತ್ತು! ಖಾಲಿ ಡಬ್ಬದ ಮೇಲೆ ಪೇಪರು ಹಾಸಿ, ಅದರ ಮೇಲೆ ಗಿರಣಿಯ ಪುಸ್ತಕ ಇಟ್ಟು, ಸೇವಂತಿಗೆ ಏರಿಸಿ, ಕಡ್ಡಿ ಹಚ್ಚಿದರು. ಅಕ್ಕೋರು ಸೀದಾ ಕನ್ನಡದಲ್ಲಿ ಹೇಳಲು ಹೋದರೆ ದೊಡ್ಡವ್ವ ತಡೆದಳು. "ಪದ್ಯ ಓದ್ದ ಅರ್ಥ ಹೇಳಿದ್ರ ಹ್ಯಾಂಗ್ರಿ? ಮೊದಲ ಪದ್ಯ ಓದ್ರಿ." ಮಠದಲ್ಲಿ ಹಾಗೆಯೇ ನಡೆಯುವುದು. ಮೊದಲು ಹಳೆಗನ್ನಡದ ಪದ್ಯ, ಅದು ಯಾರಿಗೂ ತಿಳಿಯುವುದಿಲ್ಲ, ಆಮೇಲೆ ಅರ್ಥ. ಅಕ್ಕೋರು ಗಂಟಲು ಸರಿಮಾಡಿಕೊಂಡು ಇಂಗ್ಲಿಷಿನ ಒಂದು ಪ್ಯಾರಾವನ್ನು ಸಾಲಿಯ ರಾಗದಲ್ಲಿ ಓದಿದರು. ಹೆಂಗಸರು ಹಣ್ಣು ಆರಿಸುತ್ತಲೇ ತಲೆದೂಗಿದರು. ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗು ತಡೆದೆ. ಮೂರ್ನಾಲ್ಕು ದಿನ ಕಳೆಯುವಷ್ಟರಲ್ಲಿ ನನಗೆ ನಗು ಬರುವುದು ನಿಂತಿತು.

ಕಥೆಯಾದರೂ ಎಂಥದು! ಒಕ್ಕಲುತನದ ಮನೆಗಳಿಂದ ಎಳೆಯ ಹೆಣ್ಣುಮಕ್ಕಳು ನದಿ ದಂಡೆಯ ಗಿರಣಿ ಊರಿಗೆ ಬಂದರು. ಗಂಟೆ ಹೊಡೆದರೆ ಏಳಬೇಕು, ಗಂಟೆ ಹೊಡೆದರೆ ಉಣ್ಣಬೇಕು. ಗಾಳಿಗೆ ನೂಲು ಹರಿಯುತ್ತದೆಂದು ಕಿಟಕಿಗಳಿಗೆ ಮೊಳೆ ಹೊಡೆದಿದ್ದರು. ಹತ್ತಿಯ ಧೂಳು ಮೂಗಿನಲ್ಲಿ, ಗಂಟಲಲ್ಲಿ. ಹೊರಗೆ ಹೋಗಬೇಕೆಂದರೆ ಮೇಲ್ವಿಚಾರಕನ ಅಪ್ಪಣೆ ಬೇಕು. ಓದು ಇಲ್ಲಿಗೆ ಬಂದಾಗ ಹಣ್ಣು ಆರಿಸುತ್ತಿದ್ದ ಕೈಗಳು ನಿಂತವು.

"ಅಲ್ಲೂ ಹಂಗ ಏನ್ರಿ?" ಎಂದು ಮಗುವನ್ನು ಜೋಳಿಗೆಯಲ್ಲಿ ಮಲಗಿಸಿಕೊಂಡಿದ್ದ ಹೆಂಗಸೊಬ್ಬಳು ಕೇಳಿದಳು. "ಅಷ್ಟ ದೊಡ್ಡ ದೇಶದಾಗೂ?"

ಪುಸ್ತಕದ ನಡುವೆ ಚಿತ್ರಗಳಿದ್ದವು. ಗಿರಣಿಯ ಮುಂದೆ ತೋಳು ಮಡಚಿ ನಿಂತ ಹೆಂಗಸರು. ನಮ್ಮವರು ಅವರ ಮುಖ ನೋಡಲಿಲ್ಲ, ಲಂಗ ನೋಡಲಿಲ್ಲ, ಕೈ ನೋಡಿದರು. ಆ ಹಾಳೆಯಲ್ಲಿ ಬೆರಳಿನ ಹಳದಿ ಗುರುತುಗಳು ಈಗಲೂ ಇವೆ. ಇನ್ನೊಂದು ದಿನ, ಇಷ್ಟು ತಾಸು ದುಡಿದ ಮೇಲೆ ಮನೆಗೆ ಬಿಡಬೇಕೆಂಬ ಕಾಯ್ದೆಯ ಮಾತು ಬಂತು. ಅದು ಮೊದಲಿಂದಲೂ ಇರಲಿಲ್ಲವೇ ಎಂದು ಯಾರೋ ಕೇಳಿದರು. "ಮೊದಲಿಂದ ಯಾವುದೂ ಇರಂಗಿಲ್ರವಾ," ಎಂದರು ಅಕ್ಕೋರು. "ಯಾರೋ ಕೇಳಿರ್ತಾರ, ಬೈಸಿಕೊಂಡಿರ್ತಾರ, ಆಮ್ಯಾಗ ಬಂದಿರ್ತೈತಿ."

ಪುಸ್ತಕದ ಹೆಂಗಸರು ಕೊನೆಗೊಂದು ದಿನ ಮಗ್ಗ ನಿಲ್ಲಿಸಿ ಹೊರಗೆ ಬಂದರು. ಕಿಟಕಿ ತೆಗೆಯಬೇಕು, ಕೆಲಸದ ಹೊತ್ತು ಕಡಿಮೆ ಮಾಡಬೇಕು ಎಂದು. ಆ ದಿನ ಶೆಡ್ಡಿನಲ್ಲಿ ಮುಂದೇನಾಯಿತು, ಮುಂದೇನಾಯಿತು ಎಂದು ಒಂದೇ ಗದ್ದಲ. ನಾಳೆ ಹೇಳುತ್ತೇನೆ ಎಂದು ಅಕ್ಕೋರು ಎದ್ದರು. ಮುಂದಿನ ಅಧ್ಯಾಯವನ್ನು ಅವರಿನ್ನೂ ಓದಿರಲಿಲ್ಲ.

ಮರುದಿನ ಬೆಳಿಗ್ಗೆ ನನ್ನನ್ನು ಕರೆದರು. ಮುಖ ಬಾಡಿತ್ತು. ಪುಸ್ತಕ ನನ್ನ ಮುಂದೆ ನೂಕಿ, "ನನ್ನ ಇಂಗ್ಲಿಷ್ ಕಚ್ಚಾ ಐತಿ. ಏನರ ತಪ್ಪು ತಿಳಕೊಂಡಿರಬೇಕು. ನೀ ಓದಿ ಹೇಳು," ಎಂದರು. ನಾನು ಓದಿದೆ. ಅವರು ನನ್ನ ಮುಖವನ್ನೇ ನೋಡುತ್ತ ಕುಳಿತಿದ್ದರು. ತಪ್ಪು ಏನೂ ಇರಲಿಲ್ಲ. ಮಾಲೀಕರು ಬಾಗಿಲು ಹಾಕಿಕೊಂಡು ಸುಮ್ಮನೆ ಕಾದರು. ಹೆಂಗಸರ ಕೈಯಲ್ಲಿದ್ದದ್ದು ಮುಗಿಯಿತು. ಒಬ್ಬೊಬ್ಬರಾಗಿ ಅದೇ ಗಿರಣಿಗೆ ವಾಪಸು ಬಂದರು. ಮುಂದೆ ನಿಂತವರನ್ನು ಒಳಗೆ ತೆಗೆದುಕೊಳ್ಳಲಿಲ್ಲ. ಕಿಟಕಿಗಳು ತೆರೆದದ್ದು ಎಷ್ಟೋ ವರ್ಷಗಳ ಮೇಲೆ, ಬೇರೆಯವರಿಗಾಗಿ. "ಸೋತಾರ್ರಿ," ಎಂದೆ. ಅಕ್ಕೋರು ಪುಸ್ತಕ ಮುಚ್ಚಿ ಒಳಗೆ ಹೋದರು.

ಶ್ರಾವಣದ ಕಡೆಯ ಸೋಮವಾರ ಪುರಾಣದ ಮಂಗಲ. ಮಂಗಲವಾಗದೆ ಪುರಾಣ ಬಿಡುವಂತಿಲ್ಲ, ಮಂಗಲವೆಂದರೆ ಎಲ್ಲರಿಗೂ ಒಳ್ಳೆಯದಾಗಬೇಕು. ದೊಡ್ಡವ್ವ ಕಾಯಿ ತಂದಿದ್ದಳು. ಯಾರೋ ಮನೆಯಿಂದ ಗೋಧಿ ಹುಗ್ಗಿ ಮಾಡಿಕೊಂಡು ಬಂದಿದ್ದರು. ಅಕ್ಕೋರು ಇಂಗ್ಲಿಷಿನಲ್ಲಿ ಕೊನೆಯ ಪ್ಯಾರಾ ಓದಿದರು. ಆಮೇಲೆ ಅರ್ಥ ಹೇಳಿದರು. ಮಾಲೀಕ ಮಣಿದ, ಕಿಟಕಿಗಳ ಮೊಳೆ ಕಿತ್ತರು, ಒಳಗೆ ಗಾಳಿ ಬಂತು, ಹೆಂಗಸರು ಹಾಡು ಹೇಳುತ್ತ ಕೆಲಸಕ್ಕೆ ಹೋದರು... ನಾನು ಬೆಕ್ಕಸಬೆರಗಾಗಿ ಅವರನ್ನೇ ನೋಡಿದೆ. ಅವರು ನನ್ನ ಕಡೆ ನೋಡಲಿಲ್ಲ. ಹೆಂಗಸರು ಆರತಿ ಪದ ಹಾಡಿದರು, ಪುಸ್ತಕಕ್ಕೆ ಕುಂಕುಮ ಹಚ್ಚಿದರು. ಸಾವಕಾರನೂ ಬಂದು ಹುಗ್ಗಿ ಉಂಡು ಹೋದ.

ಮನೆಗೆ ಬರುವಾಗ, "ಹಂಗ ಐತೇನ್ರಿ ಪುಸ್ತಕದಾಗ?" ಎಂದು ಕೇಳಿಯೇಬಿಟ್ಟೆ.

"ಆರತಿ ಹಿಡಕೊಂಡು ನಿಂತ ಮಂದಿಗಿ ಸೋತ್ರು ಅಂತ ಹ್ಯಾಂಗ ಹೇಳ್ಲಿ? ಸೋತು ಬಂದ ಮನಶಾನ ಮುಖಾ ನಾ ನೋಡೇನಿ ತಂಗಿ..." ಎಂದು ಅಲ್ಲಿಗೇ ನಿಲ್ಲಿಸಿದರು. ಯಾರ ಮುಖ ಎಂದು ನಾನು ಕೇಳಬೇಕಾಗಿರಲಿಲ್ಲ.

ವಿಷಯ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಎರಡು ದಿನ ಬಿಟ್ಟು ದೊಡ್ಡವ್ವ ಹಿತ್ತಲಿಗೆ ಬಂದಳು. ಕಣ್ಣಲ್ಲಿ ಎಂದೂ ಇಲ್ಲದ ಹೊಳಪು. ಬರುವ ಸೋಮವಾರದಿಂದ ನಾವೂ ಕೈ ಕಟ್ಟಿ ಕೂರುತ್ತೇವೆ, ಪಾಯಖಾನೆ ಕಟ್ಟಿಸುವವರೆಗೆ ಹಣ್ಣು ಮುಟ್ಟುವುದಿಲ್ಲ ಎಂದಳು. "ಪರದೇಶದ ಹೆಣ್ಮಕ್ಕಳ ಗೆದ್ರಂದ್ರ ನಮಗೇನಾಗೇತ್ರಿ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಹೋದಳು.

ಅಕ್ಕೋರು ಒಗೆಯುವ ಕಲ್ಲಿನ ಮೇಲೆ ಕುಳಿತುಬಿಟ್ಟರು. ಆ ಹೆಂಗಸರಲ್ಲಿ ಗಂಡ ಸತ್ತವರಿದ್ದರು, ಗಂಡ ಇದ್ದೂ ಇಲ್ಲದಂಥವರಿದ್ದರು. ಈ ಕೆಲಸ ಹೋದರೆ ಒಲೆ ಹೊತ್ತುವುದು ಕಷ್ಟ. ಸಾವಕಾರನಿಗೆ ಬೇರೆ ಹೆಂಗಸರನ್ನು ಕರೆತರುವುದು ದೊಡ್ಡ ಮಾತಾಗಿರಲಿಲ್ಲ. ತಾವು ಹೇಳಿದ ಸುಳ್ಳಿನ ಮೇಲೆ ಅವರು ತಮ್ಮ ಬದುಕನ್ನೇ ಇಡಲು ಹೊರಟಿದ್ದಾರೆ ಎಂಬುದು ಅಕ್ಕೋರಿಗೆ ತಿಳಿದುಹೋಗಿತ್ತು. ನಾನು ಸುಮ್ಮನಿರಿ, ಅವರಾಗಿಯೇ ಬಿಡುತ್ತಾರೆ ಎಂದೆ. ಅವರು ತಲೆ ಅಲ್ಲಾಡಿಸಿದರು. ಮರುದಿನ ಮಧ್ಯಾಹ್ನ ಪುಸ್ತಕ ಬಗಲಲ್ಲಿ ಇಟ್ಟುಕೊಂಡು ಶೆಡ್ಡಿಗೆ ಹೊರಟರು. ನಾನೂ ಹಿಂದೆ ಹೋದೆ.

ಮುಕಾದಮ ಚಹಾಕ್ಕೆ ಹೋಗಿದ್ದ. ಅಕ್ಕೋರು ಕುಳಿತುಕೊಳ್ಳಲಿಲ್ಲ. ನಿಂತೇ ಹೇಳಿದರು.

"ನಾ ನಿಮಗ ಸುಳ್ಳ ಹೇಳೇನಿ. ಆ ಹೆಣ್ಮಕ್ಕಳು ಗೆಲ್ಲಲಿಲ್ಲ. ಸೋತ್ರು. ಅದ ಗಿರಣಿಗಿ ತಲಿ ಬಗ್ಗಿಸಿ ಹೊಳ್ಳಿ ಬಂದ್ರು. ನೀವು ಕುಂದರಬ್ಯಾಡ್ರಿ."

ಯಾರದೋ ಕೈಯಿಂದ ಹಣ್ಣೊಂದು ಜಾರಿ ಉರುಳಿತು. ದೊಡ್ಡವ್ವ ಮೊಳಕಾಲಿಗೆ ಕೈಯೂರಿ ಎದ್ದಳು. ಅವಳಿಗೆ ಅಷ್ಟು ಸಿಟ್ಟು ಬಂದದ್ದನ್ನು ನಾನು ಮೊದಲು ಕಂಡಿರಲಿಲ್ಲ.

"ನಾವೇನು ನಿಮ್ಮ ಸಾಲಿ ಒಂದನೇತ್ತ ಹುಡುಗೂರೇನ್ರಿ ಅಕ್ಕೋರ? ಸೋತದ್ದು ಕೇಳಿದ್ರ ಅಳ್ತೇವಂತ ತಿಳದ್ರೇನು? ಸೋಲೋದು ನಮಗ ಹೊಸಾದೇನಲ್ರಿ. ಕುಂದ್ರಿ ಕೆಳಗ. ಪುಸ್ತಕ ತಗೀರಿ. ಇದ್ದದ್ದು ಇದ್ದಂಗ ಹೇಳ್ರಿ, ಪದ್ಯದಿಂದ ಹಿಡದು."

ಅಕ್ಕೋರು ಕುಳಿತರು. ಹೂವಿಲ್ಲ, ಊದಿನಕಡ್ಡಿ ಇಲ್ಲ. ಮೊದಲ ಸಾಲಿಗೆ ಬೆರಳಿಟ್ಟು ಓದಿದರು, ಆಮೇಲೆ ಅರ್ಥ ಹೇಳಿದರು. ಕಿಟಕಿ ತೆರೆಯದ್ದು, ಹೆಂಗಸರು ಹಸಿದದ್ದು, ಒಬ್ಬರಿಗೊಬ್ಬರು ಮುಖ ಕೊಡದೆ ವಾಪಸಾದದ್ದು, ಒಂದನ್ನೂ ಬಿಡಲಿಲ್ಲ. ಹೆಂಗಸರು ನಡುನಡುವೆ ಪ್ರಶ್ನೆ ಕೇಳಿದರು. ಮಾಲೀಕ ಅಷ್ಟು ದಿನ ಹೇಗೆ ಕಾದ? ಅವನಿಗೆ ನಷ್ಟವಾಗಲಿಲ್ಲವೇ? ಅಕ್ಕೋರು ಹಾಳೆ ಹಿಂದೆ ತಿರುವಿ ಹುಡುಕಿ ಹೇಳಿದರು. ಆಗ ಬಟ್ಟೆಗೆ ಗಿರಾಕಿ ಇರಲಿಲ್ಲವಂತೆ, ಗೋಡೌನು ತುಂಬ ಮಾಲು ಬಿದ್ದಿತ್ತಂತೆ.

"ಅರಿವಿ ಕೊಳಿಯಂಗಿಲ್ರಿ. ಅದಕ್ಕ ಅಂವ ಕಾದ," ಎಂದಳು ಜೋಳಿಗೆಯ ಮಗುವಿನ ತಾಯಿ.

ಎಲ್ಲರೂ ಎದುರಿನ ನಿಂಬೆಯ ರಾಶಿ ನೋಡಿದರು. ಶ್ರಾವಣದಲ್ಲಿ ಹಣ್ಣು ಹೊಳೆಯಾಗಿ ಬರುತ್ತದೆ, ಕೇಳುವವರಿರುವುದಿಲ್ಲ. ಈಗ ಕುಳಿತರೆ ಸಾವಕಾರ ರಾಶಿಯನ್ನು ತಿಪ್ಪೆಗೆ ಚೆಲ್ಲಿ ಆರಾಮಾಗಿ ಮಲಗುತ್ತಾನೆ. ಅದು ಅವರಿಗೆ ಗೊತ್ತಿದ್ದದ್ದೇ, ಆದರೆ ಆ ದಿಕ್ಕಿನಿಂದ ಯಾರೂ ನೋಡಿರಲಿಲ್ಲ. ಆಗ ಒಬ್ಬಳು ಮೆಲ್ಲಗೆ, "ಬ್ಯಾಸಿಗ್ಯಾಗ?" ಎಂದಳು. ಯಾರು ಅಂದರೋ ಎಷ್ಟು ನೆನಪಿಸಿಕೊಂಡರೂ ಹೊಳೆಯುತ್ತಿಲ್ಲ... ಆ ಒಂದು ಮಾತಿಗೆ ಇಡೀ ಶೆಡ್ಡು ನಕ್ಕಿತು. ಮುಕಾದಮ ಬಂದು ಏನಾಯಿತೆಂದು ಕೇಳಿದರೆ, ಪುರಾಣದ ಮಾತು ಎಂದರು.

ಆಮೇಲೆ ದಸರಾ ಹೋಯಿತು, ದೀಪಾವಳಿ ಹೋಯಿತು, ಎಳ್ಳಮಾಸಿ ಹೋಯಿತು. ಒಬ್ಬರೂ ಆ ಮಾತು ಎತ್ತಲಿಲ್ಲ. ಮರೆತೇಬಿಟ್ಟರು ಎಂದುಕೊಂಡೆ. ನನ್ನಂಥವಳಿಗೆ ಪರೀಕ್ಷೆಯ ಫಲಿತಾಂಶಕ್ಕೆ ವಾರ ಕಾಯುವುದೂ ಆಗುತ್ತಿರಲಿಲ್ಲ. ಅವರು ಅದೇ ಬಾಗಿಲು ಬಡಿಯುತ್ತ, ಅದೇ ಗೊಣಗಾಟ ಕೇಳುತ್ತ, ನೀರು ಬಿಟ್ಟು ದಿನ ದೂಡುತ್ತ ಕಾದರು.

ಯುಗಾದಿ ಮುಗಿದು ಬಿಸಿಲು ಏರಿತು. ತೋಟಗಳಲ್ಲಿ ಹಣ್ಣು ಕಡಿಮೆಯಾಗಿ, ದೊಡ್ಡ ಊರುಗಳಿಂದ ಬೇಡಿಕೆ ಬಂದು, ಒಂದೊಂದು ಹಣ್ಣಿಗೂ ಸಾವಕಾರ ಜೀವ ಬಿಡುವ ದಿನಗಳು. ಒಂದು ಮುಂಜಾನೆ ಲಾರಿ ಬಂದು ನಿಂತಿತ್ತು. ಹೆಂಗಸರು ಎಂದಿನಂತೆ ರಾಶಿಯ ಸುತ್ತ ಕುಳಿತರು. ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡರು. ಅಷ್ಟೇ. ಕೂಗಲಿಲ್ಲ, ಬೈಯಲಿಲ್ಲ.

ನಾನೂ ಅಕ್ಕೋರೂ ಮಾಳಿಗೆಯ ಮೇಲಿಂದ ನೋಡುತ್ತಿದ್ದೆವು. ಸಾವಕಾರ ಮೊದಲು ನಕ್ಕ. ಆಮೇಲೆ ಕೂಗಾಡಿದ. ಮುಕಾದಮ ಬೈಕು ಹತ್ತಿ ಬೇರೆ ಶೆಡ್ಡಿನ ಹೆಂಗಸರನ್ನು ಕರೆತಂದ. ಅವರು ಗೇಟಿನ ತನಕ ಬಂದು, ಒಳಗೆ ಕುಳಿತವರ ಮುಖ ನೋಡಿ, ಅಲ್ಲೇ ನಿಂತುಬಿಟ್ಟರು. ಒಬ್ಬಳೂ ಒಳಗೆ ಕಾಲಿಡಲಿಲ್ಲ. ಬಿಸಿಲು ತಗಡಿನ ಅಂಚು ದಾಟಿ ಮೆಲ್ಲಗೆ ರಾಶಿಯ ಕಡೆ ಸರಿಯುತ್ತಿತ್ತು. ಅಕ್ಕೋರು ಒಂದು ಗುಟುಕು ನೀರೂ ಮುಟ್ಟದೆ ಮಾಳಿಗೆಯ ಗೋಡೆ ಹಿಡಿದು ನಿಂತಿದ್ದರು. ಬಿಸಿಲು ಹಣ್ಣಿನ ಮೇಲೆ ಬಿದ್ದಾಗ ಸಾವಕಾರನ ದನಿ ಇಳಿಯಿತು. ಏನು ಬೇಕು ಎಂದು ಕೇಳಿದ. ದೊಡ್ಡವ್ವನ ಉತ್ತರ ನಮಗೂ ಕೇಳಿಸಿತು.

"ಸಂಡಾಸ ಕಟ್ಟಸ್ರಿ. ಬಾಗಿಲಾ ಇರಬೇಕು. ಚಿಲಕಾ ಒಳಗಿಂದ ಇರಬೇಕು."

ಕಟ್ಟಿಸೋಣ ನಡೀರಿ ಎಂದ. ಯಾರೂ ಹಣ್ಣು ಮುಟ್ಟಲಿಲ್ಲ. ಗಾರೆ ಕೆಲಸದ ಗೌಂಡಿ ಬರಬೇಕಾಯಿತು. ಸುಣ್ಣದ ಪುಡಿಯಲ್ಲಿ ಗೆರೆ ಎಳೆದು, ಪಾಯದ ಮೊದಲ ಗುದ್ದಲಿ ನೆಲಕ್ಕೆ ಬಿದ್ದದ್ದನ್ನು ನೋಡಿದ ಮೇಲೆಯೇ ಹೆಂಗಸರು ಹಣ್ಣಿಗೆ ಕೈ ಹಾಕಿದರು. ಮತ್ತೆ ಅಂಥ ವೇಗದಲ್ಲಿ ಲಾರಿ ತುಂಬಿದ್ದನ್ನು ನಾನು ನೋಡಿಲ್ಲ. ಅಕ್ಕೋರು ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದರು. "ನಮ್ಮಪ್ಪ ನೋಡಬೇಕಿತ್ತು ತಂಗಿ," ಎಂದರು. ನಾನೂ ಅತ್ತೆ.

ಪಾಯಖಾನೆಗೆ ಬಾಗಿಲು ಕೂಡಿಸಿದ ದಿನ ದೊಡ್ಡವ್ವ ಕಾಯಿ ಹಿಡಿದು ಬಂದಳು. ಅಕ್ಕೋರ ಪಡಸಾಲೆಯಲ್ಲಿ ಆ ಪುಸ್ತಕ ಇಡಿಸಿ, ಮತ್ತೊಮ್ಮೆ ಕುಂಕುಮ ಹಚ್ಚಿದಳು. "ಆವತ್ತಿನ ಮಂಗಲಾ ಸುಳ್ಳಿಂದಾತು. ಇದು ಖರೇದು," ಎಂದಳು.

ಸಾವಕಾರ ದಡ್ಡನಾಗಿರಲಿಲ್ಲ. ಯಾವ ಪುರಾಣದಿಂದ ಏನಾಯಿತೆಂದು ಲೆಕ್ಕ ಹಾಕಿಕೊಂಡು ಒಂದು ದಿನ ಬಂದ. ಬಾಗಿಲಲ್ಲೇ ನಿಂತು, ಎರಡೂ ಕೈ ಮುಗಿದು, "ಅಕ್ಕೋರ, ಇನ್ನ ಮ್ಯಾಲೆ ನಿಮ್ಮ ಪುರಾಣ ನಿಮ್ಮ ಮನ್ಯಾಗ ಇರ್ಲಿರಿ," ಎಂದು ಹೇಳಿ ಹೋದ. ಓದು ಅಲ್ಲಿಗೆ ನಿಂತಿತು. ಅದಕ್ಕಿಂತ ದೊಡ್ಡದೊಂದು ನಿಂತದ್ದು ನನಗೆ ತಿಳಿದದ್ದು ಆಮೇಲೆ. ಹೆಂಗಸರಿಗೆ ಈಗ ಅಕ್ಕೋರ ಹಿತ್ತಲ ಬಾಗಿಲು ಬೇಕಾಗಿರಲಿಲ್ಲ. ದೊಡ್ಡವ್ವ ಆಗಾಗ ಬಂದು ಹೋಗುತ್ತಿದ್ದಳು, ಉಳಿದವರಿಗೆ ಪುರಸೊತ್ತು ಎಲ್ಲಿ? ಮಧ್ಯಾಹ್ನ ಅಕ್ಕೋರು ಪುಸ್ತಕ ಹಿಡಿದು ಆ ಬಾಗಿಲಿಗೆ ಎದುರಾಗಿ ಕುಳಿತಿರುತ್ತಿದ್ದರು. "ಬರಾಂಗಿಲ್ಲ ಅಂದ್ರ ಚಲೋನ ಆತಲ್ಲ," ಎಂದು ನನ್ನ ಕಡೆ ನೋಡದೆ ಹೇಳುತ್ತಿದ್ದರು. ಬಾಗಿಲಿಗೆ ಚಿಲಕ ಮಾತ್ರ ಹಾಕುತ್ತಿರಲಿಲ್ಲ.

ಮುಂದೆ ಇತಿಹಾಸದಲ್ಲಿ ಎಂ.ಎ. ಮಾಡಿದೆ, ಕಾಲೇಜಿನ ನೌಕರಿ ಸಿಕ್ಕಿತು, ಸಿಂದಗಿಗೆ ಬಂದೆ. ಅಕ್ಕೋರು ಮೊಳಕಾಲು ನೋವಿನಿಂದ ನಡೆಯಲಾಗದ ಮೇಲೆ ಇಂಗಳೇಶ್ವರಕ್ಕೆ ತಮ್ಮನ ಮನೆಗೆ ಹೋದರು. ವರ್ಷಕ್ಕೊಮ್ಮೆ ಹೋಗಿ ಬರುತ್ತಿದ್ದೆ. ಕೊನೆಯ ಸಲ ಹೋದಾಗ ಅವರಿಗೆ ಅಕ್ಷರ ಕಾಣುತ್ತಿರಲಿಲ್ಲ. ನಾನು ಪುಸ್ತಕ ತೆಗೆದು ಕನ್ನಡದಲ್ಲಿ ಹೇಳಲು ಶುರು ಮಾಡಿದರೆ, ಹಾಸಿಗೆಯಿಂದಲೇ ಕೈ ಎತ್ತಿ, "ಮೊದಲ ಪದ್ಯ ಓದು," ಎಂದರು. ಇಬ್ಬರೂ ನಕ್ಕೆವು. ಓದಿದೆ. ಯಾವ ಅಧ್ಯಾಯದಲ್ಲಿ ನಿದ್ದೆ ಹೋದರೋ...

ಚೀಲ ಕೈಗೆ ಬಂದ ಮುಂದಿನ ರವಿವಾರ ಇಂಡಿಗೆ ಹೋದೆ. ನಮ್ಮ ಮನೆಯಲ್ಲೂ ಅಕ್ಕೋರ ಮನೆಯಲ್ಲೂ ಈಗ ಬೇರೆಯವರು. ಹಿತ್ತಲ ಬಾಗಿಲಿದ್ದ ಜಾಗದಲ್ಲಿ ಇಟ್ಟಂಗಿ ಗೋಡೆ. ಶೆಡ್ಡು ದೊಡ್ಡದಾಗಿದೆ, ತಗಡು ಹೊಸದು. ಸಾವಕಾರನ ಮಗ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಿದ್ದ, ನೋಡಿ ಬರುತ್ತೇನೆ ಎಂದರೆ ಬರ್ರಿ ಎಂದ. ದೊಡ್ಡವ್ವ ತೀರಿಹೋಗಿ ಎಷ್ಟೋ ಕಾಲವಾಯಿತಂತೆ. ರಾಶಿಯ ಸುತ್ತ ನಾನು ಗುರುತಿಸುವ ಒಂದು ಮುಖವೂ ಇರಲಿಲ್ಲ. ಮೂಲೆಯಲ್ಲಿ ಪಾಯಖಾನೆ ಮಾತ್ರ ಅಲ್ಲೇ ಇತ್ತು. ಬಣ್ಣ ಬೇರೆ, ಬಾಗಿಲೂ ಬೇರೆ. ಎಳೆಯ ಹೆಂಗಸೊಬ್ಬಳು ಒಳಗಿನಿಂದ ಚಿಲಕ ತೆಗೆದ ಸದ್ದು ಕೇಳಿಸಿತು. ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು.

"ಇದನ್ನ ಯಾವಾಗ ಕಟ್ಟಸ್ಯಾರ, ಗೊತ್ತೈತೇನವಾ?" ಎಂದು ಕೇಳಿದೆ.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಏ, ಅದು ಮೊದಲಿಂದನ ಐತ್ರಿ," ಎಂದಳು.

ಒಂದು ಕ್ಷಣ ಸಿಟ್ಟೇ ಬಂತು. ಆಮೇಲೆ ನಗು ಬಂತು, ನಗುತ್ತಿದ್ದ ಹಾಗೇ ಕಣ್ಣು ತುಂಬಿ ಬಂತು. ಈ ಮಾತನ್ನು ಹೋಗಿ ಹೇಳಿದರೆ ತೊಡೆ ತಟ್ಟಿ ನಗುತ್ತಿದ್ದ ಒಬ್ಬರೇ ಒಬ್ಬರಿದ್ದರು. ಅವರಿಲ್ಲ. ಅವರಿಲ್ಲ ಎಂಬುದು ಬಾಗೇವಾಡಿಯ ಬಸ್‌ಸ್ಟ್ಯಾಂಡಿನಲ್ಲಿ ಚೀಲ ತೆಗೆದುಕೊಂಡಾಗ ಅಲ್ಲ, ಅಲ್ಲಿ ನಿಂತಾಗ ನನಗೆ ಪೂರ್ತಿ ತಿಳಿಯಿತು.

ಊಟದ ಹೊತ್ತಾಗಿತ್ತು. ಹೆಂಗಸರು ಬುತ್ತಿ ಬಿಚ್ಚುತ್ತಿದ್ದರು. ಬರ್ರಿ ಊಟಕ್ಕ ಎಂದು ಕರೆದರು. ಹೆಗಲ ಚೀಲದಿಂದ ಪುಸ್ತಕ ತೆಗೆದೆ.

"ಇಲ್ಲ ತಂಗಿ, ಮೊದಲಿಂದ ಇರಲಿಲ್ಲ," ಎಂದು ಹೇಳಿ, ಅವರ ನಡುವೆ ಜಾಗ ಮಾಡಿಸಿಕೊಂಡು ಕುಳಿತೆ.